ಶನಿವಾರದ ಸಭೆಗೆ ಯಾರಿಗೆ ರಜೆ?

ಒಂದು ಶನಿವಾರ ಬೆಳಿಗ್ಗೆ ನಮ್ಮ ವಾರ್ಡ್ ಸಮಿತಿ ಸಭೆಗೆ ಹೋಗಿದ್ದೆ. ಜೀವನದಲ್ಲಿ ಮೊದಲ ಸಲ. 'ಮನೇಲಿ ಕೂತು ಬೈಯೋದು ಬಿಡಿ, ಬಂದು ಮಾತಾಡಿ' ಅಂತ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದರು, ಅದು ಮನಸ್ಸಿಗೆ ತಾಗಿತ್ತು. ಪ್ಲಾಸ್ಟಿಕ್ ಕುರ್ಚಿ ಹಾಕಿದ ಒಂದು ಕೋಣೆ, ಹದಿನೈದಿಪ್ಪತ್ತು ಜನ. ಪಾರ್ಕಿನ ಗೇಟು ಎಷ್ಟು ಹೊತ್ತಿಗೆ ತೆಗೀಬೇಕು, ಬೀದಿನಾಯಿ ಕಾಟ, ಫುಟ್‌ಪಾತ್ ಮೇಲಿನ ತಳ್ಳುಗಾಡಿ, ಹೀಗೆ ಎರಡು ಗಂಟೆ ಚರ್ಚೆ. ನಾನೂ ಕೆಟ್ಟುಹೋದ ಬೀದಿದೀಪದ ಬಗ್ಗೆ ಹೇಳಿದೆ. ಇಂಜಿನಿಯರ್ ಬರೆದುಕೊಂಡರು. ಹತ್ತೇ ದಿನಕ್ಕೆ ದೀಪ ಹತ್ತಿತು!

ಆ ಖುಷಿಯಲ್ಲಿ ನಮ್ಮನೆಗೆ ಅಡುಗೆಗೆ ಬರುವ ಅಕ್ಕನ ಮುಂದೆ ಜಂಬ ಕೊಚ್ಚಿಕೊಂಡೆ. ಅವರ ಮನೆ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ, ರಾಜಕಾಲುವೆ ಪಕ್ಕದ ಶೀಟಿನ ಮನೆಗಳ ಸಾಲಿನಲ್ಲಿದೆ.

"ಅಲ್ಲಿ ನಮ್ಮ ನೀರಿನ ವಿಷ್ಯ ಬಂತಾಕ್ಕ?" ಅಂದರು.

"ಇಲ್ಲ. ನಿಮ್ಮ ಕಡೆಯೋರು ಯಾರೂ ಬಂದಿರಲಿಲ್ಲ."

"ಶನಿವಾರ ಬೆಳಿಗ್ಗೆ ನಾನು ಇಲ್ಲೇ, ನಿಮ್ಮನೇಲೇ ಇದ್ನಲ್ಲಕ್ಕ."

'ಜನರ ಸಹಭಾಗಿತ್ವ' ಅಂತ ನಾವು ಭಾಷಣದಲ್ಲಿ, ಪ್ರೆಸೆಂಟೇಷನ್‌ನಲ್ಲಿ ಬಳಸುವ ಮಾತಿನ ಬಗ್ಗೆ ನನ್ನ ತಕರಾರು ಹುಟ್ಟಿದ್ದು ಅಲ್ಲಿಂದ. ಕಾಗದದ ಮೇಲೆ ಎಲ್ಲ ಸರಿಯಾಗೇ ಇದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, 3 ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಲೇಬೇಕು ಅನ್ನುತ್ತದೆ. ನಮ್ಮ ರಾಜ್ಯದ ಕಾನೂನಿನಲ್ಲಿ ಸಮಿತಿಯ 10 ಸದಸ್ಯರ ಪೈಕಿ ಕನಿಷ್ಠ 3 ಮಹಿಳೆಯರು, 2 ಪರಿಶಿಷ್ಟ ಜಾತಿ-ಪಂಗಡದವರು, 2 ನಿವಾಸಿಗಳ ಸಂಘದವರು ಇರಬೇಕು. ಆದರೆ ಸಂಘ ಅಂದಮೇಲೆ ನೋಂದಣಿ ಬೇಕು, ಲೆಟರ್‌ಹೆಡ್ ಬೇಕು, ಮಿನಿಟ್ಸ್ ಬರೆಯೋಕೆ ಪುರುಸೊತ್ತಿರೋ ಒಬ್ಬ ನಿವೃತ್ತ ಅಧಿಕಾರಿ ಬೇಕು. ಕುರ್ಚಿ ಎಲ್ಲರಿಗೂ ಇದೆ ನಿಜ. ಅದರಲ್ಲಿ ಬಂದು ಕೂರೋದಕ್ಕೆ ಅರ್ಧ ದಿನದ ಕೂಲಿ ಕೊಡೋರು ಯಾರು?

ಬಂದು ಕೂತರು ಅಂತಲೇ ಇಟ್ಟುಕೊಳ್ಳಿ. ಆಗ ಎರಡನೇ ತೊಡಕು. ನಾನು ಬೀದಿದೀಪ ಕೇಳಿದಾಗ 'ನೀವು ಇಲ್ಲಿಯವರೇನಾ?' ಅಂತ ಯಾರೂ ಕೇಳಲಿಲ್ಲ. ಅಕ್ಕನವರು ನೀರು ಕೇಳಿದರೆ ಮೊದಲು ಬರೋ ಪ್ರಶ್ನೆಯೇ ಅದು. 1973ರ ಕೊಳಚೆ ಪ್ರದೇಶಗಳ ಕಾಯ್ದೆ ಪ್ರಕಾರ ಒಂದು ಬಡಾವಣೆಯನ್ನು ಕೊಳೆಗೇರಿ ಅಂತ ಸರ್ಕಾರ ಘೋಷಿಸಬೇಕು. ಘೋಷಣೆ ಆಗದಿದ್ದರೆ, ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದರೂ 'ನಮ್ಮ ಪಟ್ಟಿಯಲ್ಲಿಲ್ಲ' ಅನ್ನೋದು ಸುಲಭ. ಇದು ದಾಟಲಾಗದ ಗೋಡೆ ಏನಲ್ಲ. ಹಿಂದೆ 2000ದ ದಶಕದಲ್ಲಿ ಬೆಂಗಳೂರು ಜಲಮಂಡಳಿಯೇ ಹಕ್ಕುಪತ್ರಕ್ಕೆ ಪಟ್ಟು ಹಿಡಿಯದೆ, ರೇಷನ್ ಕಾರ್ಡಿನಂಥ ದಾಖಲೆ ನೋಡಿ, ಕೆಲವು ಕೊಳೆಗೇರಿಗಳ ಮನೆಗಳಿಗೆ ನಲ್ಲಿ ಸಂಪರ್ಕ ಕೊಟ್ಟಿತ್ತು. ಜಾಗ ಯಾರದು ಅನ್ನೋ ಜಗಳ ಬೇರೆ, ಕುಡಿಯುವ ನೀರು ಬೇರೆ ಅಂತ ಒಂದು ಕಚೇರಿ ಒಪ್ಪಿಕೊಂಡರೆ ಆಯಿತು, ಕೆಲಸ ಆಗುತ್ತೆ.

ಮೂರನೆಯದು ನಮಗೆ ಕೇಳೋಕೆ ಅಷ್ಟು ಹಿತವಾಗದ ಮಾತು. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು. ಐದು ವರ್ಷ ಕಳೆದರೂ ಚುನಾವಣೆ ಆಗಲಿಲ್ಲ. 2025ರಲ್ಲಿ ಪಾಲಿಕೆಯನ್ನೇ ಐದಾಗಿ ಒಡೆದರು. 'ಕಾರ್ಪೊರೇಟರ್ ಇಲ್ಲದಿದ್ದರೆ ಕಮಿಷನ್ ಕಾಟವೂ ಇಲ್ಲ, ಒಳ್ಳೇದೇ ಆಯ್ತು' ಅಂತ ನಮ್ಮಲ್ಲಿ ಎಷ್ಟು ಜನ ಅಂದಿಲ್ಲ? ನಾನೂ ಅಂದಿದ್ದೇನೆ. ಯಾಕಂದ್ರೆ ನಮಗೆ ಆಪ್ ಇದೆ, ಟ್ವಿಟರ್ ಇದೆ, ಪರಿಚಯದ ಅಧಿಕಾರಿಯ ನಂಬರ್ ಇದೆ. ಕೊಳೆಗೇರಿಯವರಿಗೆ ಇದ್ದದ್ದು ಒಂದೇ ಬಾಗಿಲು: ಓಟು. ಐವತ್ತು ಜನ ಖಾಲಿ ಬಿಂದಿಗೆ ಹಿಡಿದು ಕಾರ್ಪೊರೇಟರ್ ಮನೆ ಮುಂದೆ ನಿಂತರೆ ಸಂಜೆಯೊಳಗೆ ಟ್ಯಾಂಕರ್ ಬರುತ್ತಿತ್ತು. ಅದನ್ನ ನಾವು 'ವೋಟ್ ಬ್ಯಾಂಕ್ ರಾಜಕೀಯ' ಅಂತ ಮೂಗು ಮುರಿದೆವು. ಬಡವರು ಸರ್ಕಾರದ ಜೊತೆ ವ್ಯವಹರಿಸೋದು ನಾಗರಿಕ ಸಂಘಗಳ ಮೂಲಕ ಅಲ್ಲ, ಇಂಥ ಚೌಕಾಸಿಯ ಮೂಲಕ ಅಂತ ಪಾರ್ಥ ಚಟರ್ಜಿ 2004ರಲ್ಲೇ ಒಂದು ಪುಸ್ತಕದಲ್ಲಿ ವಿವರವಾಗಿ ವಾದಿಸಿದ್ದಾರೆ. ಚೌಕಾಸಿಯಲ್ಲಿ ಸಿಗೋದು ಹಕ್ಕಲ್ಲ, ಉಪಕಾರ. ಅದನ್ನ ಹಾಡಿ ಹೊಗಳಬೇಕಿಲ್ಲ. ಆದರೆ ಹಕ್ಕು ಕೊಡದೆ ಉಪಕಾರದ ಬಾಗಿಲನ್ನೂ ಮುಚ್ಚಿಬಿಟ್ಟರೆ ಅದನ್ನು ಸುಧಾರಣೆ ಅನ್ನೋದು ಹೇಗೆ?

ಹಾಗಾದ್ರೆ ಸಹಭಾಗಿತ್ವ ಅನ್ನೋದೇ ಬೊಗಳೆಯಾ? ಅಲ್ಲ. ಬ್ರೆಜಿಲಿನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ಜನರೇ ಕೂತು ನಗರದ ಬಜೆಟ್ಟಿನ ಒಂದು ಪಾಲು ಎಲ್ಲಿಗೆ ಹೋಗಬೇಕು ಅಂತ ನಿರ್ಧರಿಸಿದರು. ಅಲ್ಲಿ ಸಭೆಗೆ ಹೆಚ್ಚಾಗಿ ಬಂದವರು ಬಡವರೇ. ಕಾರಣ ಸರಳ: ಸಭೆಯ ಕೈಯಲ್ಲಿ ದುಡ್ಡಿತ್ತು, ಸೌಲಭ್ಯ ಕಡಿಮೆ ಇರುವ ಬಡಾವಣೆಗೆ ಹೆಚ್ಚು ಪಾಲು ಅನ್ನೋ ಸೂತ್ರ ಇತ್ತು. ಜನ ಮೊದಲು ಕೇಳಿದ ವಿಷಯಗಳಲ್ಲಿ ನೀರು, ಒಳಚರಂಡಿ ಇದ್ದವು. 1988ರಲ್ಲಿ ಶೇ. 75 ಮನೆಗಳಿಗಿದ್ದ ನೀರು-ಒಳಚರಂಡಿ ಸಂಪರ್ಕ 1997ಕ್ಕೆ ಶೇ. 98ಕ್ಕೆ ಏರಿತು. ಆಮೇಲೆ ಸರ್ಕಾರಗಳು ಬದಲಾದವು, ಆಸಕ್ತಿ ಇಳಿಯಿತು, 2017ರಲ್ಲಿ ಅದನ್ನ ನಿಲ್ಲಿಸಿದರು. ದುಡ್ಡು, ಅಧಿಕಾರ ಇರುವಷ್ಟು ದಿನ ಜನ ಬರ್ತಾರೆ. ಅವೆರಡೂ ಇಲ್ಲದ ಸಭೆಗೆ ಬರೋದು ನನ್ನಂಥ, ಶನಿವಾರ ರಜೆ ಇರೋರು ಮಾತ್ರ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಸಭೆ ಭಾನುವಾರ ಸಂಜೆ ನಡೀಲಿ, ಎರಡು ಸಲಕ್ಕೊಮ್ಮೆ ಆದರೂ ಕೊಳೆಗೇರಿಯ ಅಂಗನವಾಡಿಯಲ್ಲಿ ನಡೀಲಿ. ವಾರ್ಡಿನ ಹಣದಲ್ಲಿ ಒಂದು ಪಾಲು ನಲ್ಲಿ, ಶೌಚಾಲಯ ಇಲ್ಲದ ಮನೆಗಳಿಗೇ ಅಂತ ಮೊದಲೇ ಎತ್ತಿಡಲಿ. ಪಾರ್ಕಿನ ಗೇಟಿನ ಚರ್ಚೆ ಕೊನೆಗಿರಲಿ, ಗೇಟು ಎಲ್ಲಿಗೂ ಓಡಿಹೋಗಲ್ಲ.

ಮೊನ್ನೆ ಅಕ್ಕನಿಗೆ ಹೇಳಿದೆ, "ಮುಂದಿನ ಸಭೆ ದಿನ ನೀವು ರಜೆ ತಗೊಂಡು ಹೋಗಿ. ನಾನು ಸಂಬಳ ಹಿಡಿಯಲ್ಲ."

ಚಪಾತಿ ಲಟ್ಟಿಸುತ್ತಲೇ ಕೇಳಿದರು, "ಉಳಿದ ಮೂರು ಮನೆಯೋರಿಗೆ ಯಾರು ಹೇಳ್ತಾರಕ್ಕ?"

ಆ ಮೂರು ಮನೆಯಲ್ಲಿ ಎರಡು ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇವೆ. ವಾಟ್ಸಾಪ್ ಗುಂಪಿನಲ್ಲಿ ಹಾಕಬೇಕು. ಇನ್ನೂ ಹಾಕಿಲ್ಲ.