ಗಣಿಗಾರರ ವಂಶಪಥ

ಕಾರ್ಕಳದ ಬೈಲುಗಳಲ್ಲಿಯೂ ಕಾಪುವಿನ ಕರಾವಳಿಯಲ್ಲಿಯೂ ವಂಶದ ಮೂಲವನ್ನು ಅರಸುವವನಿಗೆ ಭೂಮಿಯೇ ಮೊದಲ ಸಾಕ್ಷಿ. ಮುಂಬಯಿಯಲ್ಲಿ ಮೂರು ತಲೆಮಾರು ಕಳೆದ ಕುಟುಂಬವೂ ಆಶ್ಲೇಷಾಬಲಿಗೋ ತಂಬಿಲಕ್ಕೋ ತನ್ನ ಮೂಲನಾಗನ ಬನವನ್ನು ಹುಡುಕಿಕೊಂಡು ಊರಿಗೆ ಬರುವುದುಂಟು. ಬನ ದೊರೆತರೆ ತರವಾಡು ಮನೆ ದೊರೆಯುತ್ತದೆ, ಮನೆ ದೊರೆತರೆ ಅದರ ಹಳೆಯ ಪೆಟ್ಟಿಗೆಯಲ್ಲಿ ಮೂಲಗೇಣಿಯ ಚೀಟೋ ವರ್ಗದ ಪತ್ರವೋ ದೊರೆತು ಅಜ್ಜ ಮುತ್ತಜ್ಜಂದಿರ ಹೆಸರುಗಳು ಕ್ರಮವಾಗಿ ಕೂಡಿಕೊಳ್ಳುತ್ತವೆ. ಆದರೆ ಕೃಷಿಕನ ವಂಶಕ್ಕೆ ಮಣ್ಣು ಹೇಗೋ ಗಣಿಗಾರನ ವಂಶಕ್ಕೆ ಅದಿರು ಹಾಗೆ. ಅದಿರು ತೀರಿದಾಗ, ಅಥವಾ ಪೇಟೆಯಲ್ಲಿ ಅದರ ಬೆಲೆ ಕುಸಿದಾಗ, ಆ ವಂಶ ಗಂಟುಮೂಟೆ ಕಟ್ಟಿ ಹೊರಟುಬಿಡುತ್ತದೆ. ಆದುದರಿಂದ ಮೊದಲು ಗಣಿಯ ಆಯುಷ್ಯವನ್ನು ತಿಳಿದು, ಅನಂತರ ಮನುಷ್ಯರನ್ನು ಅರಸತಕ್ಕದ್ದು ಎಂಬುದೇ ವಂಶಾನ್ವೇಷಣಾಸಕ್ತರಲ್ಲಿ ಈ ವಾರ ನಾನು ನಿವೇದಿಸಬಯಸುವ ಸೂತ್ರ.

ಈ ಸೂತ್ರದ ಅತ್ಯಂತ ಸ್ಫುಟವಾದ ನಿದರ್ಶನ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ. ತಾಮ್ರಕ್ಕೂ ತವರಕ್ಕೂ ಜಗತ್ಪ್ರಸಿದ್ಧವಾಗಿದ್ದ ಆ ನೆಲದಲ್ಲಿ 1866ರಲ್ಲಿ ತಾಮ್ರದ ವ್ಯವಹಾರ ಮುರಿದುಬಿದ್ದು ಗಣಿಗಳು ಒಂದರ ಹಿಂದೊಂದು ಮುಚ್ಚಿದಾಗ, ಅದಕ್ಕೂ ಮೊದಲೇ ವಿಸ್ಕಾನ್ಸಿನ್ನಿನ ಸೀಸದ ಗಣಿಗಳತ್ತ ಆರಂಭವಾಗಿದ್ದ ವಲಸೆ ಮಹಾಪ್ರವಾಹವಾಗಿ ಮಿಷಿಗನ್ನಿನ ತಾಮ್ರದ ಗಣಿಗಳಿಗೂ ಕ್ಯಾಲಿಫೋರ್ನಿಯದ ಚಿನ್ನದ ಗಣಿಗಳಿಗೂ ಹರಿಯಿತು. ಇವರ ಜಾಡು ಹಿಡಿಯುವವನು ಹೊರಟ ಬಂದರಿಗಿಂತ ತಲುಪಿದ ಬಂದರನ್ನು ನಂಬುವುದು ಲೇಸು. ಏಕೆಂದರೆ ಬ್ರಿಟನ್ನಿನಿಂದ ಹೊರಟವರ ಹಡಗುಪಟ್ಟಿಗಳು 1890ರಿಂದೀಚೆಗಿನವು ಮಾತ್ರ ಉಳಿದಿದ್ದರೆ, ಅಮೆರಿಕಕ್ಕೆ ಬಂದಿಳಿದವರ ಪಟ್ಟಿಗಳು 1820ರಿಂದಲೇ ಇವೆ. ಆದರೂ ನನ್ನ ಮನಸ್ಸನ್ನು ಸೆರೆಹಿಡಿದಿರುವುದು ಹಡಗಿನ ಪಟ್ಟಿಯಲ್ಲ, ಅಮೆರಿಕದ ಜನಗಣತಿಯ ಪುಟ. 1880ರ ಗಣತಿಯಲ್ಲಿ ಒಂದೇ ಮನೆಯ ಹಿರಿಯ ಮಗ ಇಂಗ್ಲೆಂಡಿನಲ್ಲಿ, ನಡುವಣ ಮಗಳು ಮಿಷಿಗನ್ನಿನಲ್ಲಿ, ಕಿರಿಯವನು ನೆವಾಡಾದಲ್ಲಿ ಹುಟ್ಟಿದರೆಂದು ಬರೆದಿದ್ದರೆ, ತಂದೆಯು ಒಂದಕ್ಷರವನ್ನೂ ಬರೆದಿಡದಿದ್ದರೂ ಅವನು ತಾಮ್ರವನ್ನು ಬಿಟ್ಟು ನೆವಾಡಾದ ಬೆಳ್ಳಿಯನ್ನು ಅರಸಿಹೋದ ಕಾಲವೂ ದಾರಿಯೂ ಆ ಮಕ್ಕಳ ವಯಸ್ಸುಗಳಲ್ಲಿಯೇ ಗೋಚರಿಸುತ್ತವೆ. 1890ರ ಗಣತಿಯ ಹಾಳೆಗಳು 1921ರ ಬೆಂಕಿಯ ಅನಾಹುತದಲ್ಲಿ ಬಹುಪಾಲು ನಾಶವಾದುದರಿಂದ 1880ರಿಂದ 1900ರವರೆಗೆ ಇಪ್ಪತ್ತು ವರ್ಷಗಳ ಕತ್ತಲೆ ಕವಿಯುತ್ತದಾದರೂ, 1900ರ ಗಣತಿಯು ವಲಸೆ ಬಂದ ವರ್ಷವನ್ನೇ ಕೇಳಿ ಬರೆದುಕೊಂಡು ಆ ಕತ್ತಲೆಯನ್ನು ಒಂದಿಷ್ಟು ನೀಗಿಸಿದೆ.

ಇದೇ ಕಾರ್ನ್‌ವಾಲಿನ ಮತ್ತೊಂದು ಶಾಖೆ ನಮ್ಮ ನಾಡಿಗೂ ಬಂದಿತು. 1880ರಲ್ಲಿ ಜಾನ್ ಟೇಲರ್ ಮತ್ತು ಸನ್ಸ್ ಸಂಸ್ಥೆ ಕೋಲಾರದ ಚಿನ್ನದ ಗಣಿಗಳಿಗೆ ಕೈಯಿಕ್ಕಿದ ಮೇಲೆ, ಮುಂದೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಆ ಸುರಂಗಗಳಲ್ಲಿ ಕಾರ್ನ್‌ವಾಲಿನ ನುರಿತ ಗಣಿಗಾರರು ದುಡಿದರು. ಮದರಾಸು ಪ್ರಾಂತ್ಯದ ಚರ್ಚುಗಳಿಂದ ಹೋದ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳ ವರದಿಗಳು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿ ಸುರಕ್ಷಿತವಾಗಿರುವುದರಿಂದ ಅಂಥವರ ಮೊಮ್ಮಕ್ಕಳು ತಮ್ಮ ಹಿರಿಯರನ್ನು ಅರಸಬಲ್ಲರು. ಆದರೆ ಅದೇ ಸುರಂಗಗಳಿಗೆ ಇಳಿದು ಪ್ರಾಣವನ್ನು ಪಣವಾಗಿಟ್ಟ ತಮಿಳು, ತೆಲುಗು, ಕನ್ನಡ ಕಾರ್ಮಿಕರ ಮನೆಗಳವರಿಗೆ ಅಂತಹ ಸುಲಭವಾದ ದಾರಿಯಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಹಿರಿಯರ ಸ್ಮೃತಿಯೇ ಅವರ ಬಲುದೊಡ್ಡ ಆಧಾರ. ನಮ್ಮ ದೇಶದ ಜನಗಣತಿಯ ಮನೆವಾರು ಹಾಳೆಗಳಾದರೋ ಕಾನೂನಿನಂತೆ ಯಾರ ಕೈಗೂ ಸಿಗತಕ್ಕವಲ್ಲ.

ಕೋಲಾರವು ದೂರದ ಮಾತೆಂದು ಉಡುಪಿ ಜಿಲ್ಲೆಯವರು ಭಾವಿಸಬೇಕಾಗಿಲ್ಲ. ಕಾರ್ಕಳದ ಮೂಡಣ ದಿಕ್ಕಿನಲ್ಲಿ ನಿಂತಿರುವ ಘಟ್ಟದ ಆಚೆಗೆ ಕುದುರೆಮುಖವಿದೆ. 1976ರಲ್ಲಿ ಸ್ಥಾಪಿತವಾದ ಕಬ್ಬಿಣದ ಅದಿರಿನ ಕಂಪನಿ ಅಲ್ಲಿ ಕಾಡಿನ ನಡುವೆ ಮನೆ, ಶಾಲೆ, ಆಸ್ಪತ್ರೆಗಳುಳ್ಳ ನಗರವೊಂದನ್ನು ಕಟ್ಟಿ, ಅದಿರನ್ನು ನೀರಿನೊಡನೆ ಕಲಸಿ ಕೊಳವೆಯ ಮೂಲಕ ಘಟ್ಟವಿಳಿಸಿ ಪಣಂಬೂರಿಗೆ ಕಳುಹಿಸಿತು; ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಯಲ್ಲಿ ಗಣಿಗಾರಿಕೆ ನಿಂತಿತು. ಒಂದು ಊರಿನ ಜನನದಿಂದ ಅವಸಾನದವರೆಗಿನ ಅವಧಿ ಒಂದೇ ಮನುಷ್ಯನ ಉದ್ಯೋಗಕಾಲದೊಳಗೆ ಅಡಗಿಹೋಯಿತು. ಅಲ್ಲಿನ ಕ್ವಾರ್ಟರ್ಸಿನಲ್ಲಿ ಹುಟ್ಟಿ, ಅಲ್ಲಿನ ಶಾಲೆಯಲ್ಲಿ ಕಲಿತು, ಇಂದು ಮಣಿಪಾಲದಲ್ಲಿಯೋ ಬೆಂಗಳೂರಿನಲ್ಲಿಯೋ ಸಮುದ್ರದಾಚೆಯೋ ನೆಲೆಸಿರುವವರು ತಮ್ಮ ಮಕ್ಕಳಿಗೆ ತೋರಿಸಲು ನಾಗಬನವೊಂದು ಅಲ್ಲಿಲ್ಲ, ವರ್ಗದ ಪತ್ರವೂ ಇಲ್ಲ.

ಇರುವುದಾದರೂ ಏನು? ಶಾಲೆಯ ಟಿ.ಸಿ., ತಂದೆಯ ಗುರುತಿನ ಚೀಟಿ, ಭವಿಷ್ಯನಿಧಿಯ ಕಾಗದ, ಪಡಿತರ ಚೀಟಿ, ಒಡಹುಟ್ಟಿದವರ ಜನನಪತ್ರಗಳು. ಕಾರ್ನ್‌ವಾಲಿನವರ ಮಕ್ಕಳ ಜನ್ಮಸ್ಥಳಗಳನ್ನು ವಯಸ್ಸಿನ ಕ್ರಮದಲ್ಲಿ ಜೋಡಿಸಿದಂತೆಯೇ ಇವನ್ನೂ ಜೋಡಿಸಿದಲ್ಲಿ, ಯಾವ ವರ್ಷ ಘಟ್ಟ ಹತ್ತಿದರು, ಯಾವ ವರ್ಷ ಇಳಿದರು ಎಂಬುದು ನಿಸ್ಸಂದೇಹವಾಗಿ ಸಿದ್ಧವಾಗುತ್ತದೆ. ಇಲ್ಲಿ ತುಳುನಾಡಿನ ಅಳಿಯಕಟ್ಟು ನಮಗೆ ಕಲಿಸಿರುವ ವಿವೇಕವೊಂದನ್ನು ಮರೆಯಬಾರದು. ತಾಯಿಯಿಂದ ಬರಿಯನ್ನು, ಎಂದರೆ ಕುಲವನ್ನು, ಪಡೆಯುವ ನಮ್ಮ ಕುಟುಂಬಗಳಲ್ಲಿ ಹೆಂಗಸಿನ ಕಡೆಯ ನಂಟು ಎಂದೂ ಅಳಿಸಿಹೋಗದು. ಇಂಗ್ಲೆಂಡಿನ ಜನನಪತ್ರಗಳಲ್ಲಿಯೂ ತಾಯಿಯ ತವರಿನ ಕುಲನಾಮ ದಾಖಲಾಗಿರುವುದರಿಂದ, ತಂದೆಯ ಹೆಸರಿನಲ್ಲಿ ಕಡಿದುಹೋದ ಜಾಡನ್ನು ಅನುಭವಿಗಳು ತಾಯಿಯ ಅಣ್ಣತಮ್ಮಂದಿರ ಹೆಸರಿನಲ್ಲಿ ಮರಳಿ ಹಿಡಿಯುತ್ತಾರೆ. ಗಣಿಯ ಕೆಲಸಕ್ಕೆ ಕರೆದವರು ಯಾರು, ಮೊದಲು ಉಳಿದುಕೊಂಡದ್ದು ಯಾರ ಮನೆಯಲ್ಲಿ ಎಂಬುದನ್ನು ಮನೆಯ ಹಿರಿಯ ಹೆಂಗಸರಷ್ಟು ಖಚಿತವಾಗಿ ಹೇಳಬಲ್ಲವರು ವಿರಳ.

ಕುದುರೆಮುಖಕ್ಕೆ ಮೊದಲು ಹೋದ ತಲೆಮಾರಿಗೆ ಈಗ ಎಪ್ಪತ್ತು ಎಂಬತ್ತರ ಪ್ರಾಯ. ಅಂಥವರು ಮನೆಯಲ್ಲಿದ್ದರೆ, ಊರು, ವರ್ಷ, ಕೆಲಸ, ಕರೆದುಕೊಂಡು ಹೋದವರ ಹೆಸರು ಎಂಬ ನಾಲ್ಕನ್ನು ಅವರ ಬಾಯಿಂದಲೇ ಕೇಳಿ, ಕಾಗದಪತ್ರಗಳೊಡನೆ ಹೋಲಿಸಿ, ಒಂದು ನೋಟುಪುಸ್ತಕದಲ್ಲಿ ಬರೆದಿಡುವ ಕಾರ್ಯವನ್ನು ಮುಂದಿನ ರಜೆಗೆಂದು ಮುಂದೂಡದೆ ಈ ವಾರವೇ ಆರಂಭಿಸಬೇಕೆಂದು ಓದುಗರಲ್ಲಿ ನನ್ನ ಪ್ರಾರ್ಥನೆ.