ಗಾಬ್ಲಿನ್ ಕೂಸು ಯಾರದು?

1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದಕ್ಕೆ ಎಷ್ಟು ಗದ್ದಲವಾಯಿತು ಎಂಬುದು ನಮಗೆಲ್ಲ ಗೊತ್ತಿದೆ. ಅವರ ಮಂತ್ರಿಗಿರಿ ಹೋಯಿತು, ನಮ್ಮ ಹುಡುಗರಿಗೆ ಏಟು ಬಿತ್ತು. ಆ ಮಾತಿಗೆ ಇನ್ನೊಂದು ತುದಿಯಿತ್ತು. ನಮ್ಮ ಮಕ್ಕಳು ಇಂಗ್ಲಿಷ್ ಕಲಿಯಲಿ ಎಂಬುದು ಅದು. ಈಗ ಕಲಿಯುತ್ತಿದ್ದಾರೆ. ಹಾಗಾದರೆ ಇಂಗ್ಲಿಷಿನಲ್ಲಿ ಬೂಸಾ ಇಲ್ಲವೆ? ಇದ್ದರೆ ಅದನ್ನು ಕೇರಿ ಕಾಳು ಉಳಿಸಿಕೊಳ್ಳುವ ಮೊರ ಯಾರ ಕೈಲಿದೆ? ಈ ಪ್ರಶ್ನೆ ನನಗೆ ಎದುರಾದದ್ದು ಅಕ್ಕನ ಮಗಳ ಹೋಮ್‌ವರ್ಕಿನಲ್ಲಿ.

ಅವಳಿಗೆ ಹನ್ನೆರಡು ವರ್ಷ. ಶಾಲೆಯಲ್ಲಿ ಜೆ.ಆರ್.ಆರ್. ಟೋಲ್ಕಿನ್ ಬರೆದ 'ದಿ ಹಾಬಿಟ್' ಇಟ್ಟಿದ್ದಾರೆ. 1937ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಹೊರಬಂದ ಈ ಕಾದಂಬರಿಗೆ ಹತ್ತೊಂಬತ್ತು ಅಧ್ಯಾಯ. ಬಿಲ್ಬೋ ಎಂಬ ಮನೆಬಿಟ್ಟು ಕದಲದ ಸುಖಜೀವಿ, ಗ್ಯಾಂಡಾಲ್ಫ್ ಎಂಬ ಮಾಂತ್ರಿಕನ ಒತ್ತಾಯಕ್ಕೆ, ಹದಿಮೂರು ಕುಬ್ಜರ ಜೊತೆ ಹೊರಟು, ಸ್ಮಾಗ್ ಎಂಬ ಡ್ರ್ಯಾಗನ್ ಕಸಿದುಕೊಂಡು ಕಾಯುತ್ತಿರುವ ಅವರ ಪೂರ್ವಿಕರ ನಿಧಿಗಾಗಿ ಬೆಟ್ಟ ಕಾಡು ಅಲೆಯುವ ಕಥೆ. ಕರಾರಿನ ಪ್ರಕಾರ ಅವನ ಪಾಲು ಹದಿನಾಲ್ಕರಲ್ಲಿ ಒಂದು. ವಾರಕ್ಕೊಂದು ಅಧ್ಯಾಯ, ಅಧ್ಯಾಯಕ್ಕೊಂದು ಪ್ರಶ್ನೆಯ ಹಾಳೆ. ಹೊಸ ಪದಗಳ ಅರ್ಥ ಬರೆ, ಬಿಲ್ಬೋನ ಗುಣಗಳನ್ನು ಪಟ್ಟಿ ಮಾಡು, ಮುಂದೇನಾಗಬಹುದು ಊಹಿಸು. ಓದುವ ಮಗು ಸದಾ ಬಿಲ್ಬೋನ ಹೆಗಲ ಮೇಲೆ ಕೂತೇ ಲೋಕವನ್ನು ನೋಡಬೇಕು, ಹಾಳೆಯ ಏರ್ಪಾಡೇ ಹಾಗಿದೆ.

ನಾಲ್ಕನೆಯ ಅಧ್ಯಾಯದಲ್ಲಿ ಬೆಟ್ಟದೊಳಗಿನ ಗಾಬ್ಲಿನ್‌ಗಳು ಇವರನ್ನು ಹಿಡಿಯುತ್ತವೆ. ಹಾಳೆಯಲ್ಲಿ ಪ್ರಶ್ನೆ: ಗಾಬ್ಲಿನ್‌ಗಳು ಕೆಟ್ಟವರು ಎನ್ನಲು ಎರಡು ಕಾರಣ ಕೊಡು. ಹುಡುಗಿ ಬರೆದಳು: ಅವರು ನೆಲ ತೋಡುತ್ತಾರೆ, ಸುತ್ತಿಗೆ, ಇಕ್ಕಳ, ಗುದ್ದಲಿ ಮಾಡುತ್ತಾರೆ; ಕುಬ್ಜರೂ ಅದನ್ನೇ ಮಾಡುತ್ತಾರೆ; ಕಥೆ ಹೇಳುವವನು ಇವರನ್ನು ಕೆಟ್ಟವರು ಅಂತಾನೆ, ಅವರನ್ನು ಅನ್ನಲ್ಲ. ಕೆಂಪು ಶಾಯಿಯಲ್ಲಿ ಷರಾ ಬಂತು: ಉತ್ತರ ಪಠ್ಯದಲ್ಲಿಲ್ಲ. ಅಂಕ ಸೊನ್ನೆ.

ಟೀಚರ್ ಹೇಳಿದ್ದು ಪೂರ್ತಿ ತಪ್ಪಲ್ಲ. ಗಾಬ್ಲಿನ್‌ಗಳು ಕ್ರೂರಿಗಳು, ಸೆರೆ ಸಿಕ್ಕವರನ್ನು ಗುಲಾಮರನ್ನಾಗಿ ದುಡಿಸಿ ಸಾಯಿಸುವವರು ಅಂತ ಪಠ್ಯವೇ ಹೇಳುತ್ತದೆ. ಮಾಡಿದ ಕೆಲಸಕ್ಕೆ ಬೈಯಬಹುದು, ಅದರಲ್ಲಿ ತಕರಾರಿಲ್ಲ. ನಾನೂ ಅವಳಿಗೆ ಹಾಗೇ ಸಮಾಧಾನ ಹೇಳಿ ಸುಮ್ಮನಾದೆ. ಮುಂದಿನ ವಾರ ಐದನೆಯ ಅಧ್ಯಾಯ ಹಿಡಿದುಕೊಂಡು ಬಂದಳು.

"ಮಾವ, ಗಾಬ್ಲಿನ್‌ಗಳಿಗೂ ಮಕ್ಕಳಿದ್ವಾ?"

"ಎಲ್ಲಿದೆಯವ್ವ ಅದು?"

"ಇಲ್ನೋಡು. ಗಾಲಮ್ ಒಂದು ಮರೀನ ಹಿಡ್ಕೊಂಡು ತಿಂದವ್ನೆ. ಅದು ಕಿರುಚ್ತಂತೆ. ಅದೇನ್ ತಪ್ಪು ಮಾಡಿತ್ತು?"

ನಾನು ಈ ಪುಸ್ತಕವನ್ನು ಕಾಲೇಜಿನಲ್ಲಿದ್ದಾಗ ಒಂದೇ ಗುಕ್ಕಿಗೆ ಓದಿದ್ದೆ. ಆ ಸಾಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೂ ಮನಸ್ಸಿಗೆ ತಾಗಿರಲಿಲ್ಲ. ಇಡೀ ಕಾದಂಬರಿಯಲ್ಲಿ ಗಾಬ್ಲಿನ್ ಕೂಸು ಕಾಣಿಸಿಕೊಳ್ಳುವುದು ಇನ್ನೊಬ್ಬರ ಊಟವಾಗಿ ಮಾತ್ರ. ಅದಕ್ಕೆ ತಾಯಿ ಇಲ್ಲ, ಅಳುವವರಿಲ್ಲ, ಹೆಸರಿಲ್ಲ. ಕೆಟ್ಟತನ ಮಾಡುವ ಕೆಲಸದಲ್ಲಿದ್ದರೆ ಈ ಕೂಸು ಇನ್ನೂ ಏನೂ ಮಾಡಿಲ್ಲ. ಆದರೂ ಕಥೆ ಅದರ ಸಾವಿಗೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಹಾಗಾದರೆ ಕೆಟ್ಟತನ ಹುಟ್ಟಿನಲ್ಲಿದೆ ಎಂದಾಯಿತು. ಏಳನೆಯ ಅಧ್ಯಾಯದಲ್ಲಿ ಬಿಯಾರ್ನ್ ಎಂಬ ಆತಿಥೇಯನ ಬಾಗಿಲ ಹೊರಗೆ ಗಾಬ್ಲಿನ್ ತಲೆಯೊಂದನ್ನು ಚುಚ್ಚಿ ನಿಲ್ಲಿಸಿದೆ. ಒಳಗೆ ಅತಿಥಿಗಳಿಗೆ ಸತ್ಕಾರ ನಡೆದಿದೆ. ಹಾಳೆಯಲ್ಲಿ ಅದರ ಬಗ್ಗೆ ಪ್ರಶ್ನೆ ಇಲ್ಲ.

ಒಳ್ಳೆಯತನದ ಲೆಕ್ಕವೂ ಹೀಗೇ. ಬಿಲ್ಬೋ ಧೈರ್ಯ ತೋರಿದಾಗೆಲ್ಲ, ಅದು ಅವನ ತಾಯಿಯ ಕಡೆಯ ಟೂಕ್ ಮನೆತನದ ಗುಣ ಎನ್ನುತ್ತಾನೆ ಕಥೆಗಾರ. ಅಂಜಿದರೆ ಅದು ತಂದೆಯ ಬ್ಯಾಗಿನ್ಸ್ ಮನೆತನದ್ದು. ಅವನ ಉಗ್ರಾಣ ತುಂಬ ತಿಂಡಿ ತೀರ್ಥ ಇದೆ. ಅದನ್ನು ಬೆಳೆದವರು ಯಾರು, ಹೊತ್ತು ತಂದವರು ಯಾರು ಎಂಬುದು ಕಥೆಯೊಳಗಿಲ್ಲ. ಈ ಪುಸ್ತಕ ಹೊರಬರುವ ಹಿಂದಿನ ವರ್ಷ, 1936ರಲ್ಲಿ, ಅಂಬೇಡ್ಕರ್ 'ಜಾತಿ ವಿನಾಶ'ವನ್ನು ಅಚ್ಚು ಹಾಕಿಸಿದ್ದರು. ಜಾತಿ ಎಂಬುದು ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸ ಮಾಡುವ ಮನುಷ್ಯರನ್ನೇ ಹುಟ್ಟಿನಿಂದ ಮೇಲುಕೀಳಾಗಿ ಹಂಚುತ್ತದೆ ಎಂಬುದು ಅವರ ವಾದ. ಆ ಕಣ್ಣಿಟ್ಟು ನೋಡಿದರೆ, ಒಂದೇ ಗುದ್ದಲಿ ಕುಬ್ಜರ ಕೈಯಲ್ಲಿ ಕಸುಬೂ ಗಾಬ್ಲಿನ್‌ಗಳ ಕೈಯಲ್ಲಿ ಪಾಪವೂ ಆಗುವುದು ಹೇಗೆಂದು ತಿಳಿಯುತ್ತದೆ. ಹುಡುಗಿ ಬರೆದ ಉತ್ತರ ಇಲ್ಲಿಗೇ ಬಂದು ಮುಟ್ಟಿತ್ತು.

ಇಷ್ಟು ಹೇಳಿದ ಮೇಲೆ ನಮ್ಮವರೇ ಕೆಲವರು, ಹಾಗಾದರೆ ಗಾಬ್ಲಿನ್‌ಗಳೇ ನಾವು ಎನ್ನಬಹುದು. ಈ ಆತುರ ಬೇಡ. ಹಾಗೆ ಒಪ್ಪಿದರೆ, ಕ್ರೌರ್ಯವೇ ಇವರ ರಕ್ತ ಎಂದು ಕಥೆಗಾರ ಕೊಟ್ಟ ಬಿರುದನ್ನೂ ನಾವೇ ಹೊತ್ತುಕೊಂಡ ಹಾಗಾಗುತ್ತದೆ. ನಾವು ಯಾರ ವೇಷಕ್ಕೂ ಅಳತೆ ಕೊಡಬೇಕಾಗಿಲ್ಲ. ಹುಟ್ಟನ್ನೇ ಗುಣ ಮಾಡುವ ಆ ಯಂತ್ರ ಹೇಗೆ ತಿರುಗುತ್ತದೆ ಎಂದು ಬಿಚ್ಚಿ ತೋರಿಸುವುದು ದಲಿತ ವಿಮರ್ಶೆಯ ಕೆಲಸ.

ಟೋಲ್ಕಿನ್‌ನನ್ನು ಜನಾಂಗದ್ವೇಷಿ ಎಂದು ಒಂದೇ ಮಾತಿನಲ್ಲಿ ಮುಗಿಸಲೂ ಆಗದು. 1938ರಲ್ಲಿ ಇದೇ ಪುಸ್ತಕದ ಅನುವಾದಕ್ಕೆ ಮುಂದೆ ಬಂದ ಜರ್ಮನ್ ಪ್ರಕಾಶಕರು, ನೀವು ಆರ್ಯರೇ ಎಂದು ಕೇಳಿ ಕಾಗದ ಬರೆದರು. ಆತ ಬರೆದಿಟ್ಟ ಉತ್ತರದ ಕರಡೊಂದು ಉಳಿದಿದೆ. ಆರ್ಯ ಎಂಬುದು ಇಂಡೋ-ಇರಾನಿಯನ್ ಭಾಷೆಗಳ ಮಾತು, ನನ್ನ ಪೂರ್ವಿಕರು ಯಾರೂ ಹಿಂದೂಸ್ತಾನಿ ಆಡಿದವರಲ್ಲ. ಯಹೂದಿಯೇ ಎಂದು ಕೇಳುತ್ತಿದ್ದರೆ, ಆ ಪ್ರತಿಭಾವಂತ ಜನರಲ್ಲಿ ನನಗೆ ಪೂರ್ವಿಕರಿಲ್ಲವೆಂಬುದೇ ವಿಷಾದ ಎಂಬ ಅರ್ಥದ ಮಾತುಗಳು ಅದರಲ್ಲಿವೆ. ಜರ್ಮನ್ ಅನುವಾದ ಹೊರಬಂದದ್ದು 1957ರಲ್ಲಿ. ಬದುಕಿನಲ್ಲಿ ಆರ್ಯ ಎಂಬ ಸುಳ್ಳನ್ನು ಹೀಗೆ ತಳ್ಳಿದವನ ಕಲ್ಪನೆಯೊಳಗೆ, ಹುಟ್ಟಿನಿಂದಲೇ ಕೊಲ್ಲತಕ್ಕ ಒಂದು ಕುಲ ಆರಾಮವಾಗಿ ಕೂತಿತ್ತು. ಮುಂದೆ ಬರೆದ ಪತ್ರ, ಟಿಪ್ಪಣಿಗಳಲ್ಲಿ ಈ ಕುಲಕ್ಕೆ ಬಿಡುಗಡೆ ಇದೆಯೋ ಇಲ್ಲವೋ ಎಂದು ಆತ ತಾನೇ ಒದ್ದಾಡಿದ್ದಾನೆ. ಒಳ್ಳೆಯ ಮನಸ್ಸಿನ ಲೇಖಕರನ್ನೂ ಕಥನದ ಹಳೆಯ ರೂಢಿಗಳು ಹೇಗೆ ಹಿಡಿದಿರುತ್ತವೆ ಎಂಬುದಕ್ಕೆ ನಮ್ಮ ಕನ್ನಡದಲ್ಲೂ ಉದಾಹರಣೆಗಳಿಗೆ ಬರವಿಲ್ಲ.

ಭಾಷೆಯ ಮಾತನ್ನೇ ನೋಡಿ. ಎರಡನೆಯ ಅಧ್ಯಾಯದಲ್ಲಿ ಬರುವ ದಡ್ಡ ದೈತ್ಯರು, ಆ ಮೂವರು ಟ್ರೋಲ್‌ಗಳು, ಲಂಡನ್ನಿನ ಕೂಲಿಕಾರರ ಆಡುನುಡಿಯಲ್ಲಿ ಮಾತಾಡುತ್ತಾರೆ. ಮಾಂತ್ರಿಕ ಮತ್ತು ಎಲ್ಫ್‌ಗಳದು ಶಿಷ್ಟ ಇಂಗ್ಲಿಷು. ನಗಿಸಬೇಕಾದವರಿಗೆ ಮಾತ್ರ ಕೇರಿಯ ಭಾಷೆ ಕೊಡುವ ಚಾಳಿ ನಮ್ಮ ನಾಟಕ ಸಿನಿಮಾಗಳಿಗೂ ಹೊಸದಲ್ಲ. ದೇವನೂರ ಮಹಾದೇವರ 'ಕುಸುಮಬಾಲೆ' 1984ರಲ್ಲಿ ಬಂದಾಗ ಆದದ್ದು ಇಷ್ಟೇ: ಆ ನುಡಿ ಪಾತ್ರದ ಬಾಯಿಂದ ಹೊರಬಂದು ಕಥೆ ಹೇಳುವವನ ನುಡಿಯಾಯಿತು. ಇದನ್ನು ಓದಿದ ಮೇಲೆ ಟ್ರೋಲ್‌ಗಳ ಮಾತಿಗೆ ಮೊದಲಿನ ಹಾಗೆ ನಗಲಾಗುವುದಿಲ್ಲ.

ಇನ್ನೊಂದು ಸಂಗತಿ ಶಾಲೆಯ ಹಾಳೆಗೆ ಸಿಕ್ಕಿಲ್ಲ. 1937ರ ಮುದ್ರಣದಲ್ಲಿ ಗಾಲಮ್ ಒಗಟಿನ ಪಂದ್ಯಕ್ಕೆ ಉಂಗುರವನ್ನೇ ಬಹುಮಾನವಾಗಿ ಒಡ್ಡುತ್ತಾನೆ. ಸೋತ ಮೇಲೆ ಉಂಗುರ ಸಿಗದಿದ್ದಾಗ ಕ್ಷಮೆ ಕೇಳಿ ದಾರಿ ತೋರಿಸುತ್ತಾನೆ. 1951ರ ಪರಿಷ್ಕೃತ ಮುದ್ರಣದಲ್ಲಿ ಇದೆಲ್ಲ ಬದಲಾಗಿದೆ. ಅಲ್ಲಿ ಅವನು ಉಂಗುರ ಕಳೆದುಕೊಂಡು, ಬ್ಯಾಗಿನ್ಸ್ ಕಳ್ಳ ಎಂದು ಕೂಗುವವನು. ಮೊದಲ ಕಥೆ ಬಿಲ್ಬೋ ತನ್ನ ಹಕ್ಕು ಸಾಧಿಸಲು ಹೇಳಿಕೊಂಡ ಸುಳ್ಳು ಎಂದು ಆಮೇಲಿನ 'ಲಾರ್ಡ್ ಆಫ್ ದಿ ರಿಂಗ್ಸ್' ವಿವರಿಸುತ್ತದೆ. ಅಂದರೆ ಸಿಕ್ಕ ಆಸ್ತಿಗೆ ಗೆದ್ದವನು ಕಥೆ ಕಟ್ಟುತ್ತಾನೆ ಎಂಬ ಸತ್ಯ ಲೇಖಕನಿಗೇ ಹೊಳೆದಿತ್ತು. ಭೂಮಿ ಕಳೆದುಕೊಂಡವರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಳೂ ಇದೆ. ಹೊಸ ರೂಪದ ಅದೇ ಅಧ್ಯಾಯದಲ್ಲಿ, ಕೊಲ್ಲುವ ಅವಕಾಶವಿದ್ದಾಗ ಗಾಲಮ್‌ನ ಒಂಟಿತನ ನೆನೆದು ಬಿಲ್ಬೋ ಕತ್ತಿ ತಡೆಯುತ್ತಾನೆ. ಹದಿನಾರನೆಯ ಅಧ್ಯಾಯದಲ್ಲಿ, ಸ್ಮಾಗ್ ಸುಟ್ಟ ಊರಿನ ಜನ ನ್ಯಾಯವಾದ ಪಾಲು ಕೇಳಿದರೂ ಕೊಡದ ತನ್ನದೇ ಒಡೆಯನ ವಿರುದ್ಧ, ಯುದ್ಧ ತಪ್ಪಿಸಲೆಂದು ಅತ್ಯಂತ ಬೆಲೆಯ ರತ್ನವನ್ನು ಎದುರು ಪಾಳೆಯಕ್ಕೆ ಕೊಟ್ಟುಬಿಡುತ್ತಾನೆ. ಕೊನೆಯಲ್ಲಿ ಊರಿಗೆ ಬಂದರೆ ಅವನ ಸಾಮಾನು ಹರಾಜಾಗುತ್ತಿದೆ, ಮರ್ಯಾದಸ್ಥನೆಂಬ ಹೆಸರೂ ಹೋಗಿದೆ. ಅವನಿಗೆ ಅದರ ಚಿಂತೆಯಿಲ್ಲ. ಊರ ಮರ್ಯಾದೆಯನ್ನು ಕಳೆದುಕೊಂಡು ಮನುಷ್ಯನಾಗುವ ಈ ಕಥೆ ನಮ್ಮ ಮಕ್ಕಳಿಗೂ ಬೇಕು. ಆದರೆ ಗಾಲಮ್‌ಗೆ ಸಿಕ್ಕಿದ್ದು ಕರುಣೆ, ಕೂಸಿಗೆ ಅದೂ ಇಲ್ಲ. ಕರುಣೆ ಕೊಡುವವನ ಮನಸ್ಸಿಗೆ ಬಿಟ್ಟದ್ದು. ನಾವು ಕೇಳುತ್ತಿರುವುದು ಸಮಾನತೆ.

ಅಧ್ಯಾಯ ಅಧ್ಯಾಯವಾಗಿ ಓದಿಸುವ ಕ್ರಮವನ್ನು ನಾನು ದೂರುವುದಿಲ್ಲ. ಒಂದೇ ಗುಕ್ಕಿಗೆ ಓದಿದ ನನಗೆ ಕಾಣದ್ದು, ವಾರಕ್ಕೊಂದು ಅಧ್ಯಾಯ ಓದಿದ ಹುಡುಗಿಗೆ ಕಂಡಿತು. ಓದು ನಿಧಾನವಾಗಿದ್ದದ್ದು ಒಳ್ಳೆಯದೇ ಆಯಿತು, ಹಾಳೆಯ ಪ್ರಶ್ನೆಗಳಷ್ಟೇ ಸಾಲದಾದವು. ನಮ್ಮ ಹಾಸ್ಟೆಲ್‌ಗಳಲ್ಲಿ ರಾತ್ರಿಗೊಂದು ಅಧ್ಯಾಯ ಕೂಡಿ ಓದಿ, ಕೊನೆಗೆ ಮೂರು ಪ್ರಶ್ನೆ ಕೇಳಿಕೊಳ್ಳಬಹುದು: ಇಲ್ಲಿ ದುಡಿದವರು ಯಾರು? ಹೆಸರಿಲ್ಲದವರು ಯಾರು? ಯಾರ ಮಕ್ಕಳು ಕಾಣಲಿಲ್ಲ? ಇಂಗ್ಲಿಷ್ ಪುಸ್ತಕಕ್ಕೂ ಕೇಳೋಣ, ಪಂಪನಿಂದ ಇವತ್ತಿನವರೆಗಿನ ಕನ್ನಡಕ್ಕೂ ಕೇಳೋಣ.

ಈ ಕಾದಂಬರಿಯ ಹಸ್ತಪ್ರತಿ ಓದಿ ಅಚ್ಚು ಹಾಕಬಹುದೆಂದು 1936ರಲ್ಲಿ ವರದಿ ಕೊಟ್ಟವನು ಪ್ರಕಾಶಕರ ಹತ್ತು ವರ್ಷದ ಮಗ. ಅವನ ವಿಮರ್ಶೆಗೆ ಒಂದು ಶಿಲಿಂಗ್ ಕೂಲಿ ಸಿಕ್ಕಿತು. ನಮ್ಮ ಹುಡುಗಿಯ ವಿಮರ್ಶೆಗೆ ಸಿಕ್ಕಿದ್ದು ಸೊನ್ನೆ. ಉತ್ತರ ಅಳಿಸಿ ಬರೆದುಕೊಂಡು ಬಾ ಎಂದಿದ್ದರಂತೆ. ಅವಳು ಅಳಿಸಿಲ್ಲ. ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಾಳೆ: ಆ ಕೂಸು ಯಾರದು ಅಂತ ದಯವಿಟ್ಟು ಹೇಳಿ, ಮಿಸ್.