ಒಳಗೇ ನೆನೆದ ಡೆಕ್

ಫೈಬರ್ ದೋಣಿಯ ಡೆಕ್ ಮೂರು ಪದರದ್ದು. ಮೇಲೊಂದು, ಕೆಳಗೊಂದು ಫೈಬರ್ ಪದರ. ನಡುವೆ ಪ್ಲೈವುಡ್ ಅಥವಾ ಬಾಲ್ಸಾ ಮರದ ತಿರುಳು. ತೂಕ ಏರದೆ ಡೆಕ್ಕಿಗೆ ಬಾಗದ ಗಟ್ಟಿತನ ಬರುವುದು ಈ ತಿರುಳಿನಿಂದ. ಗಾಜಿನ ನಾರು ಕೊಳೆಯದು; ಕೊಳೆಯುವುದು ಮರ. ನೀರಿಗೆ ದಾರಿ ಹೆಚ್ಚಾಗಿ ಸಿಗುವುದು ಕಂಬಿ, ಕೀಲು, ಹಗ್ಗದ ಗೂಟ ಕೂರಿಸಲು ಕೊರೆದ ಬೋಲ್ಟಿನ ತೂತುಗಳಲ್ಲಿ. ಪ್ಲೈವುಡ್ಡಿನಲ್ಲಿ ಮರದ ಎಳೆಗಳು ಮಲಗಿರುವುದರಿಂದ ಒಂದೇ ತೂತಿನ ನೀರು ಎಳೆಯ ಜಾಡು ಹಿಡಿದು ಮಾರು ದೂರ ಸಾಗುತ್ತದೆ. ಬಾಲ್ಸಾವನ್ನು ಎಳೆ ನೆಟ್ಟಗೆ ನಿಲ್ಲುವಂತೆ ತುಂಡರಿಸಿ ಕೂರಿಸುತ್ತಾರೆ, ಹಾಗಾಗಿ ನೀರು ಹರಡುವುದು ನಿಧಾನ. ತುಂಡುಗಳ ಸಂದಿಗೆ ರೆಸಿನ್ ಇಳಿಯದಿದ್ದರೆ ಆ ಲಾಭವೂ ಹೋಯಿತು.

2022ರ ಸೆಪ್ಟೆಂಬರ್ ಮೊದಲ ವಾರದ ನೆರೆಯಲ್ಲಿ ಬೆಂಗಳೂರಿನ ಮಾರತ್ತಹಳ್ಳಿ, ಬೆಳ್ಳಂದೂರು, ಯಮಲೂರಿನ ಆಸುಪಾಸಿನಲ್ಲಿ ಜನರನ್ನು ಸಾಗಿಸಲು ಟ್ರ್ಯಾಕ್ಟರ್‌ಗಳ ಜೊತೆ ದೋಣಿಗಳೂ ಇಳಿದವು. ಈ ಭಾಗಕ್ಕೆ ದೋಣಿಯ ನೆನಪಾಗುವುದು ಅಂಥ ದಿನಗಳಲ್ಲಿ. ಡೆಕ್ ಕೆಡುವುದು ಮಾತ್ರ ನೆರೆ ಇಳಿದ ಮೇಲೆ, ಶೆಡ್ಡಿನ ಹೊರಗೆ ಟಾರ್ಪಾಲಿನಡಿ ಮಳೆನೀರು ಹೊತ್ತು ಮಲಗಿದ ತಿಂಗಳುಗಳಲ್ಲಿ.

ರೋಗ ಗುರುತಿಸಲು ಒಂದು ನಾಣ್ಯ ಸಾಕು. ಗಡಿಗೆ ಕೊಳ್ಳುವವರು ಬೆರಳಿನಿಂದ ಬಡಿದು ನೋಡುವಂತೆ, ಎರಡೆರಡು ಇಂಚಿಗೆ ಡೆಕ್ ತಟ್ಟಬೇಕು. ಗಟ್ಟಿ ಇದ್ದ ಕಡೆ ಟಣ್ ಎನ್ನುತ್ತದೆ. ತಿರುಳು ನೆನೆದ ಅಥವಾ ಪದರ ಬಿಟ್ಟ ಕಡೆ ದಬ್ ಎಂದು ಸತ್ತ ಸದ್ದು. ಸದ್ದು ಬದಲಾದ ಗೆರೆಯನ್ನು ಪೆನ್ಸಿಲಿನಲ್ಲಿ ಗುರುತಿಸುತ್ತ ಹೋದರೆ ಹಾಳಾದ ಜಾಗದ ನಕ್ಷೆಯೇ ಸಿದ್ಧ. ವಿಮಾನದ ಸಂಯುಕ್ತ ಪದರಗಳ ತಪಾಸಣೆಯಲ್ಲೂ ಈ ನಾಣ್ಯದ ತಟ್ಟು ಇಂದಿಗೂ ಬಳಕೆಯಲ್ಲಿದೆ. 2001ರ ಜನವರಿ 4ರಂದು ಮಾರತ್ತಹಳ್ಳಿಯ ಪಕ್ಕದ ಎಚ್ಎಎಲ್ ರನ್‌ವೇಯಿಂದ ಮೊದಲ ಬಾರಿ ಹಾರಿದ ತೇಜಸ್ ಯುದ್ಧವಿಮಾನದ ಮೈಯಲ್ಲೂ ಇದೇ ವಂಶದ ವಸ್ತುವಿದೆ: ನಾರು ಮತ್ತು ರೆಸಿನ್. ಅಲ್ಲಿ ಗಾಜಿನ ಬದಲು ಹೆಚ್ಚಾಗಿ ಕಾರ್ಬನ್. ಅಂಥ ವಿದ್ಯೆ ನೆರೆಯಲ್ಲೇ ಇರುವ ಊರಿನಲ್ಲಿ ದೋಣಿಯ ಡೆಕ್ಕಿಗೆ ಕುರುಡು ತೇಪೆ ಹಾಕುವುದು ಸಲ್ಲದು.

ತೇಪೆಯ ಪಂಥಕ್ಕೆ ಬಹಳ ಅನುಯಾಯಿಗಳಿದ್ದಾರೆ. ಮೇಲಿನಿಂದ ಸಣ್ಣ ತೂತು ಕೊರೆದು, ಸಿರಿಂಜಿನಲ್ಲಿ ಎಪಾಕ್ಸಿ ರೆಸಿನ್ ತುಂಬಿ, ಬಣ್ಣ ಬಳಿದರೆ ಕೆಲಸ ಮುಗಿಯಿತು ಎನ್ನುತ್ತದೆ ಅದು. ಮರ ಒಣಗಿದ್ದು ಅಂಟು ಮಾತ್ರ ಬಿಟ್ಟಿದ್ದರೆ ಇದು ಸರಿಯಾದ ಮದ್ದು. ನೆನೆದ ಮರಕ್ಕೆ ಅಲ್ಲ. ನೀರು ಕುಡಿದ ಎಳೆ ರೆಸಿನ್ ಕುಡಿಯುವುದಿಲ್ಲ. ಕೊಳೆತ ಮರಕ್ಕೆ ಬಲ ಮರಳುವುದೂ ಇಲ್ಲ. ಎರಡು ಫೈಬರ್ ಪದರಗಳ ನಡುವೆ ಸಿಕ್ಕ ನೀರಿಗೆ ಹೊರಬರಲು ಜಾಗವಿಲ್ಲದ ಕಾರಣ, ತಿಂಗಳುಗಟ್ಟಲೆ ಬಿಸಿಲಿಗೆ ಒಡ್ಡಿದರೂ ಅದು ಅಲ್ಲೇ ಇರುತ್ತದೆ. ಹೀಟ್ ಗನ್ ಹಿಡಿದರೆ ಆವಿಯೇ ಪದರಗಳನ್ನು ಇನ್ನಷ್ಟು ಎಬ್ಬಿಸುತ್ತದೆ.

ಇರುವ ದಾರಿ ಒಂದೇ, ಮೇಲ್ಪದರ ಕತ್ತರಿಸಿ ತೆಗೆಯುವುದು. ಒಳಗೆ ಮರ ಕಾಫಿ ಚರಟದಂತೆ ಕಪ್ಪಾಗಿ, ಬೆರಳಲ್ಲಿ ಹಿಂಡಿದರೆ ಕಂದು ನೀರು ಇಳಿಯುತ್ತದೆ. ಉಳಿಯಿಂದ ಅದನ್ನೆಲ್ಲ ಕೆತ್ತಿ, ಸುತ್ತ ನಾಲ್ಕು ಬೆರಳು ಒಳ್ಳೆಯ ಮರ ಕಾಣುವವರೆಗೆ ಹೋಗಬೇಕು. ಸಮುದ್ರದ ದೋಣಿಯಾದರೆ ಸಿಹಿನೀರಿನಲ್ಲಿ ತೊಳೆಯುವುದು ಕಡ್ಡಾಯ. ಉಳಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಆಮೇಲೆ ಫ್ಯಾನು, ಬಿಸಿಲು, ತಾಳ್ಮೆ. ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಅಡಿಯಲ್ಲಿ ಹನಿ ಕಂಡರೆ ಇನ್ನೂ ಒಣಗಿಲ್ಲ. ಉಳಿದ ಮರದ ತೇವಾಂಶ ಶೇ 12ಕ್ಕಿಂತ ಕೆಳಗಿಳಿದ ಮೇಲೆಯೇ ಎಪಾಕ್ಸಿ.

ಇಲ್ಲಿ ಬಯಲುಸೀಮೆಗೆ ಒಂದು ವರವಿದೆ. ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ನಿಷೇಧ. ಮಲ್ಪೆ, ಮಂಗಳೂರಿನಲ್ಲಿ ದೋಣಿಗೆ ರಿಪೇರಿಯ ಬಿಡುವು ಸಿಗುವುದು ಆಗಲೇ, ಅಂದರೆ ವರ್ಷದಲ್ಲೇ ಹೆಚ್ಚು ಮಳೆ ಸುರಿಯುವ ದಿನಗಳಲ್ಲಿ. ಬೆಂಗಳೂರಿನ ಮಾರ್ಚಿನ ಮಧ್ಯಾಹ್ನ ಗಾಳಿಯ ತೇವಾಂಶ ಶೇ 30ರ ಆಸುಪಾಸಿಗೆ ಇಳಿಯುವುದುಂಟು. ಡೆಕ್ ಬಿಚ್ಚಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ.

ಹೊಸ ತಿರುಳನ್ನು ದಪ್ಪ ಮಾಡಿದ ಎಪಾಕ್ಸಿಯಲ್ಲಿ ಕೂರಿಸಿ, ಮೇಲೆ ಸಮನಾಗಿ ಭಾರ ಹೇರಬೇಕು. ಹಳೆಯ ಪದರದ ಅಂಚನ್ನು ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಬೇಕು, 3 ಮಿ.ಮೀ. ಪದರಕ್ಕೆ 36 ಮಿ.ಮೀ. ಇಳಿಜಾರು. ಉಜ್ಜುವಾಗ ಮಾಸ್ಕ್ ಬೇಕೇ ಬೇಕು, ಗಾಜಿನ ದೂಳು ಶ್ವಾಸಕ್ಕೆ ಕೆಟ್ಟದ್ದು. ಹೊಸ ಮೇಲ್ಪದರಕ್ಕೆ ನೀರಿನ ಟ್ಯಾಂಕಿಗೆ ಬಳಸುವ ಅಗ್ಗದ ಗಾಜಿನ ಮ್ಯಾಟ್ ಬೇಡ: ಅದರ ಎಳೆ ಹಿಡಿದಿಡುವ ಅಂಟು ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಕರಗುವಂತೆ ಎಪಾಕ್ಸಿಯಲ್ಲಿ ಕರಗದು. ನೇಯ್ದ ಗಾಜಿನ ಬಟ್ಟೆಯೇ ಸರಿ.

ಕೊನೆಯದು ಬೋಲ್ಟು. 8 ಮಿ.ಮೀ. ಬೋಲ್ಟಿಗೆ ಮೊದಲು 14 ಮಿ.ಮೀ. ತೂತು ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ನಟ್ಟನಡುವೆ 8 ಮಿ.ಮೀ. ಕೊರೆಯಬೇಕು. ಆ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಎಲ್ಲೂ ಮರ ಕಾಣಬಾರದು.